ಗಾಡಿಯೇನೋ ಬಂತು, ಒಳಗೆ ಯಾರಿದ್ದಾರೆ?

1966ರ ಹೊತ್ತಿಗೆ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಎದೆನೋವೆಂದು ಯಾರಾದರೂ ಫೋನ್ ಮಾಡಿದರೆ ಮನೆಮುಂದೆ ಬಂದು ನಿಲ್ಲುತ್ತಿದ್ದದ್ದು ಪೊಲೀಸ್ ವ್ಯಾನು. ಕುಡಿದು ರಂಪ ಮಾಡಿದವರನ್ನು ಠಾಣೆಗೆ ತುಂಬಿಕೊಂಡು ಹೋಗುವ ವ್ಯಾನೇ ಅದು. ಇಬ್ಬರು ಪೇದೆಗಳು ಇಳಿದು, ರೋಗಿಯನ್ನು ಕ್ಯಾನ್ವಾಸಿನ ಸ್ಟ್ರೆಚರ್ ಮೇಲೆ ಹಾಕಿ, ಹಿಂಬಾಗಿಲಿನಿಂದ ಒಳಗೆ ದೂಡಿ, ತಾವಿಬ್ಬರೂ ಮುಂದಿನ ಸೀಟಿಗೆ ಹೋಗಿ ಕೂರುತ್ತಿದ್ದರು. ಹಿಂದೆ ರೋಗಿ ಒಬ್ಬನೇ. ಉಸಿರು ಕಟ್ಟಿತೋ, ವಾಂತಿ ಗಂಟಲಿಗೆ ಸಿಕ್ಕಿಕೊಂಡಿತೋ ನೋಡುವವರಿಲ್ಲ. ಆಸ್ಪತ್ರೆ ಮುಂದೆ ವ್ಯಾನಿನ ಬಾಗಿಲು ತೆರೆದಾಗಲೇ ಗೊತ್ತಾಗುವುದು, ತಂದದ್ದು ರೋಗಿಯನ್ನೋ ಹೆಣವನ್ನೋ ಎಂದು.

ಬೇರೆ ಊರುಗಳ ಪಾಡು ಇನ್ನೂ ವಿಚಿತ್ರ. ಅಲ್ಲಿ ಆಂಬ್ಯುಲೆನ್ಸ್ ಓಡಿಸುತ್ತಿದ್ದವರು ಶವಸಂಸ್ಕಾರದ ಕಂಪನಿಯವರು. ಮನುಷ್ಯನನ್ನು ಉದ್ದಕ್ಕೆ ಮಲಗಿಸಿ ಸಾಗಿಸುವಂಥ ಗಾಡಿ ಊರಲ್ಲಿ ಅವರ ಬಳಿ ಮಾತ್ರ ಇರುತ್ತಿತ್ತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಅಪಘಾತದ ಸಾವುನೋವುಗಳ ಬಗ್ಗೆ ಒಂದು ವರದಿ ಹೊರಡಿಸಿತು. ದೇಶದ ಆಂಬ್ಯುಲೆನ್ಸ್ ಸೇವೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸುಮಾರು 12,000 ಶವಸಂಸ್ಕಾರದವರ ಕೈಯಲ್ಲಿದೆ ಎಂದು ಅದರಲ್ಲಿ ಬರೆದಿತ್ತು. ರೋಗಿ ಉಳಿದರೆ ಬಾಡಿಗೆ, ಹೋದರೆ ಪೂರ್ತಿ ವ್ಯವಹಾರ. ಅವರನ್ನು ಹಳಿದು ಫಲವಿಲ್ಲ, ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ. 1965ರ ಒಂದೇ ವರ್ಷದಲ್ಲಿ ಅಪಘಾತಗಳಲ್ಲಿ ಸತ್ತ ಅಮೆರಿಕನ್ನರು 1,07,000 ಮಂದಿ ಎಂದೂ ಅದೇ ವರದಿ ಲೆಕ್ಕ ಕೊಟ್ಟಿತ್ತು. ಚಂದ್ರನಿಗೆ ಮನುಷ್ಯನನ್ನು ಕಳಿಸುವ ತಯಾರಿಯಲ್ಲಿದ್ದ ದೇಶದಲ್ಲಿ ಪಕ್ಕದ ಬೀದಿಯಿಂದ ಆಸ್ಪತ್ರೆಗೆ ಜೀವಂತ ತಲುಪುವುದೇ ದೊಡ್ಡ ಮಾತಾಗಿತ್ತು.

1966ರ ನವೆಂಬರಿನಲ್ಲಿ ಪಿಟ್ಸ್‌ಬರ್ಗಿನ ಚುನಾವಣಾ ಸಭೆಯೊಂದರಲ್ಲಿ ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ ವೇದಿಕೆಯ ಮೇಲೆ ಕುಸಿದುಬಿದ್ದರು. ನಗರದ ಮೇಯರ್ ಆಗಿ ಮೆರೆದ ಮನುಷ್ಯ. ಅವರಿಗೂ ಬಂದದ್ದು ಪೊಲೀಸ್ ವ್ಯಾನೇ. ಸಭೆಯಲ್ಲಿದ್ದ ನರ್ಸ್ ಒಬ್ಬರು ಎದೆ ಒತ್ತಿ ಉಸಿರು ಕೊಟ್ಟರೂ ದಾರಿಯಲ್ಲಿ ಆ ಆರೈಕೆ ಮುಂದುವರಿಯಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೃದಯ ಮತ್ತೆ ಬಡಿದುಕೊಂಡಿತಾದರೂ ಮಿದುಳು ಕೈಬಿಟ್ಟಿತ್ತು. ಕೆಲವು ದಿನಗಳ ನಂತರ ಅವರು ತೀರಿಕೊಂಡರು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರ ಹೆಸರು ಪೀಟರ್ ಸಫಾರ್. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರು ಯಾರ ಎದೆ ಒತ್ತಿ ಬದುಕಿಸಿದರೂ ಅದರಲ್ಲಿ ಈ ಮನುಷ್ಯನ ಪಾಲಿದೆ.

ಸಫಾರ್ ವಿಯೆನ್ನಾದವರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದ ಅರಿವಳಿಕೆ ತಜ್ಞ. ಬಾಯಿಗೆ ಬಾಯಿಟ್ಟು ಊದಿದ ಗಾಳಿಯಿಂದ ಉಸಿರು ನಿಂತವನನ್ನು ಉಳಿಸಬಹುದೇ ಎಂಬ ಪ್ರಶ್ನೆಗೆ 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನಲ್ಲಿ ಅವರು ಉತ್ತರ ಹುಡುಕಿದ ರೀತಿಯನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಲಾರದು. ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ತಾವಾಗಿಯೇ ಮುಂದೆ ಬಂದು ಮಲಗಿದರು. ಅವರಿಗೆ ಮಂಪರು ಬರಿಸಿ, ಸ್ನಾಯುಗಳನ್ನೆಲ್ಲ ನಿಶ್ಚಲಗೊಳಿಸುವ ಕ್ಯುರಾರೆ ಬಗೆಯ ಔಷಧ ಕೊಡಲಾಯಿತು. ಮಲಗಿದವರಿಗೆ ತಾವಾಗಿ ಒಂದು ಉಸಿರೂ ಎಳೆದುಕೊಳ್ಳಲು ಆಗದು. ವೈದ್ಯಕೀಯದ ಗಂಧಗಾಳಿ ಇಲ್ಲದ ಸಾಮಾನ್ಯರನ್ನು ಕರೆಸಿ, ತಲೆ ಹಿಂದಕ್ಕೆ ಬಾಗಿಸುವುದನ್ನು, ಗದ್ದ ಎತ್ತುವುದನ್ನು ತೋರಿಸಿಕೊಟ್ಟು, ಊದಿಸಲಾಯಿತು. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟು ಉಳಿಯಿತು. ಬೆನ್ನು ಒತ್ತಿ, ತೋಳು ಎತ್ತಿ ಉಸಿರಾಡಿಸುವ ಹಳೆಯ ಪಟ್ಟುಗಳೆಲ್ಲ ಅಲ್ಲಿಗೆ ಮೂಲೆಗುಂಪಾದವು. 1960ರಲ್ಲಿ ಅದೇ ಊರಿನ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಎದೆಗೂಡನ್ನು ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದು ಎಂದು ತೋರಿಸಿದರು. ಸಫಾರ್ ಈ ಎರಡನ್ನೂ ಕೂಡಿಸಿದರು. ಸಿಪಿಆರ್ ಎಂದು ನಾವು ಈಗ ಬಾಯಿತುಂಬ ಹೇಳುವುದು ಆ ಜೋಡಣೆಯನ್ನೇ.

ಕಲಿಸಲು ಒಂದು ಮೈ ಬೇಕಿತ್ತು. ಬದುಕಿರುವವರ ಎದೆ ಒತ್ತಿ ಅಭ್ಯಾಸ ಮಾಡಿದರೆ ಪಕ್ಕೆಲುಬು ಮುರಿದೀತು. ನಾರ್ವೆಯ ಸ್ಟವಾಂಗರ್ ಊರಿನಲ್ಲಿ ಆಸ್ಮುಂಡ್ ಲೇರ್ಡಾಲ್ ಎಂಬ ಆಟಿಕೆ ತಯಾರಕನಿದ್ದ. ಮೆದು ಪ್ಲಾಸ್ಟಿಕ್ಕಿನ ಗೊಂಬೆಗೆ ಹೆಸರಾದವನು. ನೀರಿಗೆ ಬಿದ್ದ ತನ್ನ ಮಗುವನ್ನು ತಾನೇ ಎತ್ತಿ ಉಳಿಸಿಕೊಂಡಿದ್ದ ಅಪ್ಪನೂ ಹೌದು. ಅವನು 1960ರಲ್ಲಿ ಆಳೆತ್ತರದ ಗೊಂಬೆ ಮಾಡಿಕೊಟ್ಟ. ಅದಕ್ಕಿಟ್ಟ ಮುಖ, ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಸಿಕ್ಕಳೆಂದು ಹೇಳುವ ಅನಾಮಿಕ ಹುಡುಗಿಯ ಸಾವಿನ ಮುಖವಾಡದ್ದು. ರೆಸಸಿ ಆ್ಯನ್ ಎಂಬ ಆ ಗೊಂಬೆಯ ಮೇಲೆ ಬಗ್ಗಿ ಕಲಿತವರ ಲೆಕ್ಕ ಇಟ್ಟವರಿಲ್ಲ. ನಮ್ಮ ನರ್ಸಿಂಗ್ ಕಾಲೇಜುಗಳ ಕಪಾಟಿನಲ್ಲೂ ಅವಳ ಅಕ್ಕತಂಗಿಯರು ಸಿಗುತ್ತಾರೆ.

ಇಷ್ಟೆಲ್ಲ ತಿಳಿದಿದ್ದ ಸಫಾರ್ ತಮ್ಮ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ. 1966ರಲ್ಲೇ ಅವರೂ ಹೆಂಡತಿಯೂ ಊರಲ್ಲಿಲ್ಲದ ಹೊತ್ತು, ಪುಟ್ಟ ಹುಡುಗಿ ಎಲಿಜಬೆತ್‌ಗೆ ಉಬ್ಬಸ ಕಟ್ಟಿತು. ಆಸ್ಪತ್ರೆಯಲ್ಲಿ ಹೃದಯವನ್ನು ಮತ್ತೆ ಹೊಡೆಸಿದರೂ ಅಷ್ಟರಲ್ಲಿ ತಡವಾಗಿತ್ತು. ಆಸ್ಪತ್ರೆಯೊಳಗೆ ಏನೆಲ್ಲ ಯಂತ್ರವಿದ್ದರೂ ಮನೆಯಿಂದ ಅಲ್ಲಿಯವರೆಗಿನ ದಾರಿಯಲ್ಲಿ ಯಾರೂ ಇಲ್ಲದಿದ್ದರೆ ಎಲ್ಲವೂ ದಂಡ ಎಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಾಗಿ ಉಳಿಯಲಿಲ್ಲ.

ಮುಂದಿನ ವರ್ಷ ಫಿಲಿಪ್ ಹ್ಯಾಲೆನ್ ಎಂಬ, ಒಂದು ಕಾಲದಲ್ಲಿ ತಾನೇ ಆಂಬ್ಯುಲೆನ್ಸ್ ಓಡಿಸಿದ್ದ, ಆಗ ಆರೋಗ್ಯ ದತ್ತಿನಿಧಿಯೊಂದರ ಮುಖ್ಯಸ್ಥನಾಗಿದ್ದ ವ್ಯಕ್ತಿ ಸಫಾರ್ ಬಳಿ ಬಂದರು. ಪಿಟ್ಸ್‌ಬರ್ಗಿನ ಹಿಲ್ ಡಿಸ್ಟ್ರಿಕ್ಟ್ ಕಪ್ಪುಜನರ ಕೇರಿ. ನಗರಾಭಿವೃದ್ಧಿಯ ಹೆಸರಿನಲ್ಲಿ ಅರ್ಧ ಕೆಡವಿದ್ದ, ಕೆಲಸವಿಲ್ಲದವರು ತುಂಬಿದ್ದ ಜಾಗ. ಅಲ್ಲಿ ಫ್ರೀಡಂ ಹೌಸ್ ಎಂಬ ಸಂಸ್ಥೆ ಇತ್ತು. ಅಲ್ಲಿಯ ಯುವಕರಿಗೆ ಉದ್ಯೋಗವೂ ಆಗಲಿ, ಕೇರಿಗೆ ಆಂಬ್ಯುಲೆನ್ಸೂ ಬರಲಿ ಎಂಬುದು ಹ್ಯಾಲೆನ್ ಯೋಚನೆ. ಬರೀ ಸಾಗಣೆ ಆದರೆ ತಾನು ಬರುವುದಿಲ್ಲ ಎಂದರು ಸಫಾರ್. ಸುಮಾರು 300 ಗಂಟೆಗಳ ಪಾಠ ಗೊತ್ತುಮಾಡಿದರು. ಅಂಗರಚನೆ, ಉಸಿರುನಾಳದ ನಿರ್ವಹಣೆ, ಹೃದಯ, ಹೆರಿಗೆ, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ನಿಂತು ಕಲಿಯುವುದು ಎಲ್ಲವೂ ಅದರಲ್ಲಿದ್ದವು. ಬಂದವರಲ್ಲಿ ಶಾಲೆ ಬಿಟ್ಟವರಿದ್ದರು, ವಿಯೆಟ್ನಾಂ ಯುದ್ಧದಿಂದ ಮರಳಿದವರಿದ್ದರು, ಜೈಲು ಕಂಡವರೂ ಇದ್ದರು. ಗಾಡಿಯನ್ನೂ ಸಫಾರ್ ಹೊಸದಾಗಿ ಮಾಡಿಸಿದರು. ರೋಗಿಯ ತಲೆಯ ಬಳಿ ಒಬ್ಬರು ಕೂರುವಷ್ಟು ಜಾಗ ಇರಲೇಬೇಕೆಂದು ಹಟ ಹಿಡಿದರು. ಇಂದು ಯಾವ ಆಂಬ್ಯುಲೆನ್ಸಿನ ಹಿಂಬಾಗಿಲು ತೆರೆದು ನೋಡಿದರೂ ಕಾಣುವ ಆ ಸಣ್ಣ ಸೀಟಿನ ಹಿಂದೆ ಇಷ್ಟು ಕಥೆ ಇದೆ.

1968ರಲ್ಲಿ ಗಾಡಿಗಳು ರಸ್ತೆಗಿಳಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಹಿಲ್ ಡಿಸ್ಟ್ರಿಕ್ಟ್ ಹೊತ್ತಿ ಉರಿದಿತ್ತು. ಮೊದಲ ವರ್ಷವೇ ಅವರು ಸುಮಾರು 5,800 ಕರೆಗಳಿಗೆ ಓಡಿದರು. ಬಿಳಿಯರ ಬಡಾವಣೆಗಳಲ್ಲಿ ಇನ್ನೂ ಹಳೆಯ ಪೊಲೀಸ್ ವ್ಯಾನು, ಬಡವರ ಕೇರಿಯಲ್ಲಿ ದೇಶದಲ್ಲೇ ಉತ್ತಮವಾದ ಸೇವೆ! ಸಾಯುವ ಸ್ಥಿತಿಯಲ್ಲೂ ಇವರನ್ನು ಮುಟ್ಟಗೊಡದ ಬಿಳಿಯರಿದ್ದರು. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1974ರಲ್ಲಿ ನ್ಯಾನ್ಸಿ ಕ್ಯಾರೊಲೈನ್ ಎಂಬ ಯುವ ವೈದ್ಯೆ ಇವರ ವೈದ್ಯಕೀಯ ನಿರ್ದೇಶಕಿಯಾಗಿ ಬಂದರು. ರೇಡಿಯೊ ಹಿಡಿದು ಹಗಲುರಾತ್ರಿ ಸಲಹೆ ಕೊಟ್ಟರು, ತಾವೇ ಗಾಡಿ ಹತ್ತಿ ಹೊರಟರು. ಅಮೆರಿಕದ ಸಾರಿಗೆ ಇಲಾಖೆಗಾಗಿ ಪ್ಯಾರಾಮೆಡಿಕ್‌ಗಳ ರಾಷ್ಟ್ರೀಯ ಪಠ್ಯಕ್ರಮ ರೂಪಿಸುವ ಕೆಲಸ ಅವರ ಪಾಲಿಗೆ ಬಂದಾಗ, ಫ್ರೀಡಂ ಹೌಸಿನವರು ಬೀದಿಯಲ್ಲಿ ಕಲಿತದ್ದೇ ದೇಶದ ಪಾಠವಾಯಿತು. ಅಷ್ಟರಲ್ಲಿ ನಗರಾಡಳಿತ ಸ್ವಂತದ ಆಂಬ್ಯುಲೆನ್ಸ್ ಸೇವೆ ಶುರುಮಾಡಿತು. 1975ರ ಅಕ್ಟೋಬರಿನಲ್ಲಿ ಫ್ರೀಡಂ ಹೌಸ್ ಮುಚ್ಚಿತು. ಅದರ ಸಿಬ್ಬಂದಿಯನ್ನು ಸೇರಿಸಿಕೊಂಡ ಶಾಸ್ತ್ರವಾಯಿತು; ಆಮೇಲೆ ಪರೀಕ್ಷೆ, ಪೂರ್ವಾಪರ, ಅರ್ಹತೆ ಎಂದು ಒಬ್ಬೊಬ್ಬರನ್ನಾಗಿ ಬದಿಗೆ ಸರಿಸಲಾಯಿತು. ಅನುಭವಿಗಳು ಹೊಸಬರ ಕೈಕೆಳಗೆ ಸಾಮಾನು ಹೊರುವಂತಾಯಿತು. ಜಾನ್ ಮೂನ್‌ನಂಥ ಕೆಲವರು ಮಾತ್ರ ಹಲ್ಲುಕಚ್ಚಿ ಉಳಿದರು. ಮೂನ್ ಮುಂದೆ ಅದೇ ನಗರ ಸೇವೆಯ ಸಹಾಯಕ ಮುಖ್ಯಸ್ಥನಾದದ್ದು ದೊಡ್ಡ ಸಂಗತಿ.

ತುರ್ತು ಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ ಇಲ್ಲಿಂದ ಶುರುಮಾಡುವುದಿಲ್ಲ. ಮುಂದೆ ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯನಾದ ಲಾರ್ರೆ 1792ರಲ್ಲಿ ಹಗುರ ಕುದುರೆಗಾಡಿ ಕಟ್ಟಿ, ದರ್ಜೆ ನೋಡದೆ ಹೆಚ್ಚು ಗಾಯಗೊಂಡವನನ್ನು ಮೊದಲು ಎತ್ತಿದ್ದು. 1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದಾಗ ಎಕ್ಸ್‌ಚೇಂಜಿನ ಸರದಿಯಲ್ಲಿ ಕರೆ ಸಿಕ್ಕಿಬಿದ್ದು ಐವರು ಹೆಂಗಸರು ಸತ್ತದ್ದು, ಅದರಿಂದ 1937ರಲ್ಲಿ 999 ಎಂಬ ತುರ್ತು ಕರೆಯ ನಂಬರು ಹುಟ್ಟಿದ್ದು. ಇವೆಲ್ಲ ಇದ್ದೇ ಇವೆ. ಗಾಡಿ, ನಂಬರು, ಆಸ್ಪತ್ರೆ ಈ ಮೂರನ್ನೂ ಮನುಷ್ಯ ಬೇಗ ಕಂಡುಹಿಡಿದುಕೊಂಡ. ಗಾಡಿಯೊಳಗೆ ಕೂರುವ ಮನುಷ್ಯನಿಗೆ ವಿದ್ಯೆ ಕೊಟ್ಟು ಅಧಿಕಾರ ಕೊಡಬೇಕು ಎಂದು ಹೊಳೆಯಲು ಮಾತ್ರ ಇಷ್ಟು ಕಾಲ ಬೇಕಾಯಿತು. ನಮ್ಮಲ್ಲಿ ಅದು ಇನ್ನೂ ಅರ್ಧ ಹೊಳೆದಿದೆ ಎಂಬುದೇ ಈ ಲೇಖನದ ತಕರಾರು.

ಇಪ್ಪತ್ತೈದು ವರ್ಷದ ಹಿಂದೆ ನಮ್ಮ ತಾಲೂಕು ಕೇಂದ್ರಗಳಲ್ಲಿ ಆಂಬ್ಯುಲೆನ್ಸ್ ಎಂದರೆ ಏನು? ಆಸ್ಪತ್ರೆ ಗೇಟಿನ ಪಕ್ಕ ನಿಂತಿರುತ್ತಿದ್ದ ಮ್ಯಾಟಡಾರ್, ಆಮೇಲೆ ಮಾರುತಿ ಓಮ್ನಿ. ಹಿಂದಿನ ಸೀಟು ಕಿತ್ತು ರೆಕ್ಸಿನ್ ಹೊದಿಸಿದ ಹಲಗೆ, ಬಾಗಿಲ ಮೇಲೊಂದು ಕೆಂಪು ಬರಹ, ತಲೆಮೇಲೆ ತಿರುಗುವ ದೀಪ. ಸಿಲಿಂಡರ್ ಇದ್ದರೂ ಅದರಲ್ಲಿ ಗಾಳಿ ಇದೆಯೋ ಇಲ್ಲವೋ ಚಾಲಕನಿಗೂ ಖಾತ್ರಿಯಿಲ್ಲ. ಹಳ್ಳಿಯಲ್ಲಾದರೆ ಹಾಲಿನ ವ್ಯಾನು, ಮರಳು ಹೊರುವ ಟ್ರ್ಯಾಕ್ಟರು, ಯಾರದ್ದೋ ಟೆಂಪೊ. ಹನೂರು ತಾಲೂಕಿನ ಕಾಡಂಚಿನ ಊರುಗಳಲ್ಲಿ, ಖಾನಾಪುರದ ಭೀಮಗಡ ಕಾಡಿನೊಳಗೆ ಡೋಲಿ ಕಟ್ಟಿ ಹೊರುವುದು ಈಗಲೂ ಸುದ್ದಿಯಾಗುತ್ತದೆ. ಪೊಲೀಸ್ ಕೇಸ್ ಎಂದರೆ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕುವ ಕಾಲವೂ ಇತ್ತು. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲಿ, ಸರ್ಕಾರಿಯೋ ಖಾಸಗಿಯೋ ಯಾವ ವೈದ್ಯನಾದರೂ ಮೊದಲು ಜೀವ ಉಳಿಸಬೇಕು, ಕಾನೂನಿನ ಶಾಸ್ತ್ರ ಆಮೇಲೆ ಎಂದು ಹೇಳಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿದ್ದಿರಬೇಕು!

2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಆಂಬ್ಯುಲೆನ್ಸ್ ಸೇವೆ ಶುರುವಾಯಿತು. ಅದನ್ನು ಕಟ್ಟಿದವರು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು. 2009ರಲ್ಲಿ ಅವರು ಲೆಕ್ಕಪತ್ರದ ವಂಚನೆ ಒಪ್ಪಿಕೊಂಡು ಜೈಲಿಗೆ ಹೋದದ್ದು ಎಲ್ಲರಿಗೂ ನೆನಪಿದೆ, 108ರ ಋಣ ಮಾತ್ರ ಯಾರಿಗೂ ನೆನಪಿಲ್ಲ. ಕರ್ನಾಟಕಕ್ಕೆ ಅದು 2008ರ ರಾಜ್ಯೋತ್ಸವದ ದಿನ ‘ಆರೋಗ್ಯ ಕವಚ’ವಾಗಿ ಬಂತು. ಈಗ ರಾಜ್ಯದಲ್ಲಿ 700ಕ್ಕೂ ಹೆಚ್ಚು ಗಾಡಿಗಳಿವೆ. ಲಕ್ಷ ಜನಕ್ಕೊಂದು ಎಂಬ ಸರ್ಕಾರಿ ಅಳತೆ ಹಿಡಿದರೆ ಲೆಕ್ಕದಲ್ಲಿ ಕೊರತೆಯೇನೂ ಕಾಣದು.

ಕರೆ ಹೋದಾಗ ಆಗುವುದೇನು ಎಂದು ಹತ್ತಿರದಿಂದ ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಬೆಂಗಳೂರಿನ ಕರೆ ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿಕೊಂಡವರು ಕೇಳುವ ಮೊದಲ ಪ್ರಶ್ನೆಗಳು ಜಿಲ್ಲೆ, ತಾಲೂಕು, ಊರು. ಆ ಕಡೆಯವರಿಗೆ ಅಷ್ಟು ತಾಳ್ಮೆ ಎಲ್ಲಿ? ‘ಅಲ್ಲೇ ಅರಳಿಕಟ್ಟೆ ಹತ್ರ, ಬೇಗ ಬನ್ನಿ ಅಣ್ಣಾ’ ಎನ್ನುತ್ತಾರೆ. ಯಾವ ಊರಿಗೆ ಅರಳಿಕಟ್ಟೆ ಇಲ್ಲ! ಕರೆ ಹತ್ತಿರದ ಗಾಡಿಗೆ ವರ್ಗವಾಗುತ್ತದೆ. ಗಾಡಿಯಲ್ಲಿ ಇಬ್ಬರೇ. ಓಡಿಸುವವರನ್ನು ಆ ವಲಯದಲ್ಲಿ ಪೈಲಟ್ ಎನ್ನುತ್ತಾರೆ, ಹಿಂದೆ ಕೂರುವವರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಹೊರಟ ಮೇಲೆ ಪೈಲಟ್ ಕರೆ ಮಾಡಿದವರಿಗೆ ತಾವೇ ಮತ್ತೆ ಫೋನ್ ಹಚ್ಚುತ್ತಾರೆ: ‘ಕ್ರಾಸ್ ಹತ್ರ ಒಬ್ರನ್ನ ಕಳ್ಸಿ ಯಜಮಾನ್ರೇ, ಮೊಬೈಲ್ ಲೈಟ್ ಹಾಕ್ಕೊಂಡು ನಿಂತಿರ‍್ಲಿ.’ ಉಪಗ್ರಹದ ನಕ್ಷೆ ಡಾಂಬರು ಮುಗಿಯುವವರೆಗೆ, ಆಮೇಲಿನದ್ದು ಈ ಮೊಬೈಲ್ ಲೈಟಿನ ಕಾರುಬಾರು.

ಈ ಕರೆಗಳಲ್ಲಿ ದೊಡ್ಡ ಪಾಲು ಹೆರಿಗೆಯದು. ಅಮೆರಿಕದ ಪಠ್ಯ ಹೃದಯ, ಗುಂಡೇಟು, ಮಾದಕದ್ರವ್ಯದ ಸುತ್ತ ಬೆಳೆಯಿತು. ನಮ್ಮ 108 ತುಂಬುಗರ್ಭಿಣಿಯ ಸುತ್ತ. ಘಟ್ಟದ ತಿರುವಿನಲ್ಲಿ ನೋವು ಜೋರಾಯಿತೆಂದರೆ ಇಎಂಟಿ ಗಾಡಿ ಪಕ್ಕಕ್ಕೆ ಹಾಕಿಸುತ್ತಾರೆ. ಜೊತೆ ಬಂದ ಅತ್ತೆಯೋ ಆಶಾ ಕಾರ್ಯಕರ್ತೆಯೋ ತಲೆಯ ಹತ್ತಿರ ನಿಲ್ಲುತ್ತಾರೆ. ಕಿಟ್ ಬಿಚ್ಚಿ, ಗ್ಲೌಸ್ ಏರಿಸಿ, ಬೇಕೆಂದರೆ ಫೋನಿನಲ್ಲಿ ಕೇಂದ್ರದ ವೈದ್ಯರ ಸಲಹೆ ಪಡೆದು, ಮಗುವಿನ ಬಾಯಿಯ ಲೋಳೆ ತೆಗೆದು, ಹೊಕ್ಕುಳಬಳ್ಳಿಗೆ ಎರಡು ಕಡೆ ಕ್ಲ್ಯಾಂಪ್ ಹಾಕಿ ನಡುವೆ ಕತ್ತರಿಸಿ, ಮಗುವನ್ನು ಒರೆಸಿ ತಾಯಿಯ ಎದೆಗೆ ಹಾಕಿ, ಕಸ ಪೂರ್ತಿ ಬಿತ್ತೇ ಎಂದು ನೋಡಿ ಮತ್ತೆ ಹೊರಡುತ್ತಾರೆ. ಮಾರನೇ ದಿನ ಪತ್ರಿಕೆಯ ಒಳಪುಟದಲ್ಲಿ ‘ಆಂಬ್ಯುಲೆನ್ಸ್‌ನಲ್ಲೇ ಹೆರಿಗೆ, ತಾಯಿ ಮಗು ಕ್ಷೇಮ’ ಎಂಬ ನಾಲ್ಕು ಸಾಲು. ಅದನ್ನು ಪವಾಡದಂತೆ ಬರೆಯುವುದು ನಮ್ಮ ಪತ್ರಕರ್ತರ ಚಾಳಿ. ಕಲಿತವರು ಕಲಿತ ಕೆಲಸ ಮಾಡಿದರು, ಅಷ್ಟೇ. ಕಲಿಯದವರಿದ್ದ ಓಮ್ನಿಯಲ್ಲಿ ಇದೇ ಆಗಿದ್ದರೆ ಸುದ್ದಿಯ ಕೊನೆ ಪದ ಬೇರೆಯಿರುತ್ತಿತ್ತು.

ಇಂಥ ಕೆಲಸಕ್ಕೆ ನಮ್ಮ ವ್ಯವಸ್ಥೆ ಕೊಟ್ಟಿರುವ ಬೆಲೆ? 12 ಗಂಟೆಯ ಪಾಳಿ, ಗುತ್ತಿಗೆಯ ನೌಕರಿ, ಸಂಬಳ ಬಾಕಿ ಎಂದು ಆಗಾಗ ಮುಷ್ಕರದ ಎಚ್ಚರಿಕೆ. ಸೇವೆಯನ್ನು ಯಾರು ನಡೆಸಬೇಕೆಂಬ ಜಗ್ಗಾಟ ವರ್ಷಗಳಿಂದ ನಡೆದಿದೆ. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ ಕರೆ ವ್ಯವಸ್ಥೆಯೇ ಕೈಕೊಟ್ಟು ರಾಜ್ಯದ ಉದ್ದಗಲಕ್ಕೂ ಜನ ಪರದಾಡಿದರು. ಟೆಂಡರಿನಲ್ಲಿ ಗಾಡಿ ಎಷ್ಟು, ಕಿಲೋಮೀಟರಿಗೆ ಎಷ್ಟು ಎಂಬುದಕ್ಕೆ ಪುಟಗಟ್ಟಲೆ ಷರತ್ತು. ಹಿಂದೆ ಕೂರುವ ಮನುಷ್ಯ ಎರಡು ವರ್ಷಕ್ಕೊಮ್ಮೆ ಹೊಸತೇನಾದರೂ ಕಲಿತನೇ ಎಂದು ಕೇಳುವ ಸಚಿವರನ್ನು ನಾನಿನ್ನೂ ಕಂಡಿಲ್ಲ.

ನಾವು ಸಂಭ್ರಮಿಸುವುದು ವೇಗವನ್ನು. 2020ರ ಫೆಬ್ರುವರಿಯಲ್ಲಿ ಸುಮಾರು 40 ದಿನದ ಕೂಸೊಂದನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಒಯ್ದ ಚಾಲಕ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದ್ದು ನೆನಪಿರಬಹುದು. ದಾರಿಯುದ್ದಕ್ಕೂ ಝೀರೋ ಟ್ರಾಫಿಕ್, ಊರೂರಲ್ಲಿ ಸ್ವಯಂಸೇವಕರು ನಿಂತು ದಾರಿ ಬಿಡಿಸಿದ್ದು, ಫೇಸ್‌ಬುಕ್ಕಿನಲ್ಲಿ ನೇರಪ್ರಸಾರ. ಆ ಚಾಲಕನ ಕೈಚಳಕಕ್ಕೂ ಎದೆಗಾರಿಕೆಗೂ ದೊಡ್ಡ ನಮಸ್ಕಾರ. ಅದಾದ ಮೇಲೆ ಝೀರೋ ಟ್ರಾಫಿಕ್ ಎಂಬುದು ನಮ್ಮಲ್ಲಿ ಒಂದು ಹಬ್ಬವಾಗಿದೆ. ಹಾಸನದಿಂದ, ಶಿವಮೊಗ್ಗದಿಂದ, ಹುಬ್ಬಳ್ಳಿಯಿಂದ ಹೊರಟಿದೆ, ದಾರಿ ಬಿಡಿ ಎಂದು ವಾಟ್ಸ್‌ಆ್ಯಪ್ ತುಂಬ ಸಂದೇಶ. ವೈದ್ಯಕೀಯ ಕಾಲೇಜುಗಳೇ ತುಂಬಿರುವ ಕರಾವಳಿಯಿಂದ ಹಸುಗೂಸೊಂದು ಸುಮಾರು 350 ಕಿಲೋಮೀಟರ್, ಅದೂ ಘಟ್ಟ ಹತ್ತಿ, ಯಾಕೆ ಓಡಬೇಕಾಯಿತು ಎಂದು ಕೇಳಿದವರು ಕಡಿಮೆ. ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ‘ರೆಫರ್’ ಎಂಬ ಚೀಟಿ ಹಿಡಿದು ಅಲೆಯುವ ಗಾಡಿಗೆ ವೇಗ ಎಷ್ಟಿದ್ದರೂ ಸಾಲದು. ಅದೇ ವರ್ಷ ಮಾರ್ಚ್ ಕೊನೆಗೆ ಕೊರೊನಾ ಭಯದಲ್ಲಿ ನಮ್ಮ ಸರ್ಕಾರ ತಲಪಾಡಿಯ ಗಡಿ ಮುಚ್ಚಿದ್ದರಿಂದ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬ್ಯುಲೆನ್ಸುಗಳು ಅಲ್ಲೇ ನಿಂತವು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು. ಫೆಬ್ರುವರಿಯಲ್ಲಿ ದಾರಿ ಬಿಡಿಸಿದ ನಾಡೇ ಮಾರ್ಚಿನಲ್ಲಿ ದಾರಿಗೆ ಮಣ್ಣು ಸುರಿದಿತ್ತು.

ಅಪಘಾತವಾದ ಮೊದಲ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ ಎನ್ನುತ್ತಾರಲ್ಲ, ಅದನ್ನು ಜನಪ್ರಿಯಗೊಳಿಸಿದವರು ಬಾಲ್ಟಿಮೋರಿನ ಶಸ್ತ್ರವೈದ್ಯ ಆಡಮ್ಸ್ ಕೌಲಿ. ಸರಿಯಾಗಿ 60 ನಿಮಿಷ ಎಂಬುದಕ್ಕೆ ಆಧಾರ ಹುಡುಕಿದ ಸಂಶೋಧಕರಿಗೆ ಗಟ್ಟಿಯಾದದ್ದೇನೂ ಸಿಗಲಿಲ್ಲ. ಆದರೂ 2019ರ ತಿದ್ದುಪಡಿಯಿಂದ ಅದು ನಮ್ಮ ಮೋಟಾರು ವಾಹನ ಕಾಯ್ದೆಯಲ್ಲೇ ಸೇರಿಕೊಂಡಿದೆ. ರಕ್ತ ಸುರಿಯುವವನಿಗೆ ಗಂಟೆಯೇ ಹೆಚ್ಚು, ಉಸಿರು ನಿಂತವನಿಗೆ ಕೆಲವು ನಿಮಿಷ. ಆ ನಿಮಿಷಗಳಲ್ಲಿ ಅಲ್ಲಿರುವವರು ದಾರಿಹೋಕರು ಮಾತ್ರ.

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ ತನ್ನ ಅಂಗಗಳನ್ನು ದಾನ ಮಾಡಿ ಎಂದು ಹೇಳಿ ಕಣ್ಣುಮುಚ್ಚಿದ. ಅವನು ಬಿದ್ದಲ್ಲಿ ಫೋನಿನಲ್ಲಿ ಚಿತ್ರ ತೆಗೆದವರಿದ್ದರು. ಆ ನೋವಿನಿಂದಲೇ ಸರ್ಕಾರದ ಸಾಂತ್ವನ ಹರೀಶ್ ಯೋಜನೆ ಬಂತು: ಅಪಘಾತವಾದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ನೆರವಿಗೆ ಬಂದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂಬ ಕೇಂದ್ರದ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿಕೊಂಡಿತು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಡಿ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯೂ ಇದೆ. ಕಾನೂನಿನ ಕೈ ಅಷ್ಟು ದೂರ ಚಾಚಿದೆ. ಆದರೆ ಆ ಯೋಜನೆಗೆ ಮೊದಲೇ, 2022ರ ಒಂದೇ ವರ್ಷದಲ್ಲಿ, ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ.

ಮುಂದಿನದ್ದು ಹೇಗಿರುತ್ತದೆ ಎಂದು ಕೇಳಿದರೆ ಎಲ್ಲರೂ ಆಕಾಶ ತೋರಿಸುತ್ತಾರೆ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ 2021ರ ಡಿಸೆಂಬರಿನಲ್ಲಿ ಮನೆಮುಂದೆ ಕುಸಿದ 71 ವರ್ಷದವರಿಗೆ ಡ್ರೋನ್ ಒಂದು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ತಂದು ಇಳಿಸಿತು. ಅವರು ಉಳಿದರು. ಅಲ್ಲಿ ಗಮನಿಸಬೇಕಾದ್ದು ಬೇರೆ: ಆ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದ ವೈದ್ಯರೊಬ್ಬರು ಆಗಲೇ ಎದೆ ಒತ್ತತೊಡಗಿದ್ದರು. ಬೆಂಗಳೂರು 2015ರಲ್ಲಿ ಬೈಕ್ ಆಂಬ್ಯುಲೆನ್ಸ್ ತಂದಿತು, ಸಂದಿಗೊಂದಿಗೆ ಅದು ಒಳ್ಳೆಯದೇ. ಗುರುಗ್ರಾಮದಲ್ಲಿ 2025ರ ಜನವರಿಯಿಂದ ಹತ್ತು ನಿಮಿಷದಲ್ಲಿ ಹಾಲು ತರಕಾರಿ ತಲುಪಿಸುವ ಕಂಪನಿಯೇ ಆಂಬ್ಯುಲೆನ್ಸನ್ನೂ ತಲುಪಿಸತೊಡಗಿತು. ಆ್ಯಪ್ ಒತ್ತಿದರೆ ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲೇ ಆಂಬ್ಯುಲೆನ್ಸ್! ನಗು ಬಂದರೂ, ಅದರಲ್ಲಿ ತರಬೇತಾದ ಪ್ಯಾರಾಮೆಡಿಕ್ ಇದ್ದರೆ ನನಗೆ ಅಭ್ಯಂತರವಿಲ್ಲ. ಆ ಸೊಪ್ಪು ಮುಟ್ಟದ ಹಳ್ಳಿಗೆ ಏನು ಗತಿ ಎಂಬ ಪ್ರಶ್ನೆಯಂತೂ ಹಾಗೇ ಉಳಿಯುತ್ತದೆ.

ನನಗೆ ಭರವಸೆ ಕಾಣುವುದು ಇದಕ್ಕಿಂತ ಸಪ್ಪೆಯಾದ ಜಾಗದಲ್ಲಿ. ಬೆಲ್‌ಫಾಸ್ಟಿನ ಫ್ರಾಂಕ್ ಪ್ಯಾಂಟ್ರಿಜ್ 1960ರ ದಶಕದ ನಡುವೆ ಕಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರನ್ನು ಆಂಬ್ಯುಲೆನ್ಸಿಗೇರಿಸಿದಾಗ, ಹೃದಯದ ಚಿಕಿತ್ಸೆ ಆಸ್ಪತ್ರೆಯಲ್ಲಿ ಕಾಯುತ್ತ ಕೂರದೆ ರೋಗಿಯ ಮನೆಗೇ ಹೊರಟಿತ್ತು. ಅದರ ಮೊಮ್ಮಗು ನಮ್ಮ ಕರಾವಳಿಯಲ್ಲಿದೆ. ಮಂಗಳೂರಿನ ಹೃದ್ರೋಗ ತಜ್ಞ ಪದ್ಮನಾಭ ಕಾಮತ್ 2018ರಲ್ಲಿ ಶುರುಮಾಡಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಬಳಗ ಹಳ್ಳಿಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು ವಾಟ್ಸ್‌ಆ್ಯಪ್ ಗುಂಪು ಕಟ್ಟಿತು. ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿದು ಬಂದವರ ಇಸಿಜಿಯ ಫೋಟೊ ಗುಂಪಿಗೆ ಬೀಳುತ್ತದೆ, ತಜ್ಞರ ಉತ್ತರ ಅಲ್ಲೇ ಬರುತ್ತದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ ಹೋದಮೇಲೆ ನಾಡಿನಾದ್ಯಂತ ಯುವಕರು ಇಸಿಜಿಗೆ ಸಾಲುಗಟ್ಟಿದರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡಾಸ್ಪತ್ರೆಗಳಿಗೆ ಜೋಡಿಸಿದೆ. ಇಸಿಜಿ ಅಲ್ಲಿಗೆ ಹೋಗುತ್ತದೆ, ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದು ತಾಲೂಕಿನಲ್ಲೇ ಉಚಿತವಾಗಿ ಬೀಳುತ್ತದೆ, ಆಮೇಲೆ ಗಾಡಿ ಹೊರಡುತ್ತದೆ. ಝೀರೋ ಟ್ರಾಫಿಕ್ ಇಲ್ಲದೆಯೂ ಉಳಿಯುವ ದಾರಿ ಇದು.

ಮುಂದಿನ ಹೆಜ್ಜೆ ಆ ಇಸಿಜಿಯನ್ನು ಗಾಡಿಯಲ್ಲೇ, ಮನೆಯ ಜಗಲಿಯಲ್ಲೇ ತೆಗೆಯುವುದು. ಅದನ್ನು ತೆಗೆಯುವ ಕೈಗೆ ವಿದ್ಯೆ, ಪದವಿ, ನೋಂದಣಿ ಬೇಕು. ನಮ್ಮಲ್ಲಿ ತುರ್ತು ವೈದ್ಯಶಾಸ್ತ್ರಕ್ಕೆ ಸ್ನಾತಕೋತ್ತರ ಪದವಿಯ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಪ್ಯಾರಾಮೆಡಿಕ್‌ಗಳನ್ನು ಒಂದು ವೃತ್ತಿಯಾಗಿ ಗುರುತಿಸಿದ್ದು 2021ರ ಸಹವೈದ್ಯಕೀಯ ವೃತ್ತಿಗಳ ಕಾಯ್ದೆ. ಅದರ ನೋಂದಣಿ ಪುಸ್ತಕಕ್ಕೆ ಹೊಸ ಪದವೀಧರರ ಜೊತೆಗೆ, ಹದಿನೈದು ವರ್ಷ ಘಟ್ಟದ ರಸ್ತೆಯಲ್ಲಿ ಹೆರಿಗೆ ಮಾಡಿಸಿದ ಹಳೆಯ ಇಎಂಟಿಗಳೂ ಸೇರುವಂತೆ ಸೇತುವೆ ಕೋರ್ಸು ಒಂದನ್ನು ಈಗಲೇ ಮಾಡಿಕೊಳ್ಳಬೇಕು. ಇಲ್ಲವಾದರೆ ಅನುಭವಕ್ಕೆ ಸರ್ಟಿಫಿಕೇಟ್ ಇಲ್ಲವೆಂದು ಅವರನ್ನು ಬದಿಗಿಡುವುದು ಬಲು ಸುಲಭ. ಅದನ್ನು ಹೇಗೆ ಮಾಡುತ್ತಾರೆಂದು ಪಿಟ್ಸ್‌ಬರ್ಗ್ ನಗರಾಡಳಿತ ಆಗಲೇ ತೋರಿಸಿದೆ.

ಇಎಂಟಿಗಳು ಬರುವವರೆಗಿನ ಆ ಕೆಲವು ನಿಮಿಷಗಳಿಗೂ ಪರಿಹಾರ ಹುಡುಕಿದವರಿದ್ದಾರೆ. ಅಮೆರಿಕದ ಸಿಯಾಟಲ್ 1970ರ ದಶಕದ ಆರಂಭದಲ್ಲೇ ಊರಿನ ಸಾಮಾನ್ಯರಿಗೆ ಸಾಮೂಹಿಕವಾಗಿ ಸಿಪಿಆರ್ ಕಲಿಸತೊಡಗಿತು. ಡೆನ್ಮಾರ್ಕ್ 2005ರ ಆಚೀಚೆ ಅದನ್ನು ಶಾಲೆಗೂ ಚಾಲನಾ ಪರವಾನಗಿಗೂ ಕಡ್ಡಾಯ ಮಾಡಿತು. ಆಸ್ಪತ್ರೆಯ ಹೊರಗೆ ಹೃದಯ ನಿಂತು ಬಿದ್ದವರ ಪೈಕಿ 2001ರಲ್ಲಿ ದಾರಿಹೋಕರ ನೆರವು ಸಿಗುತ್ತಿದ್ದದ್ದು ನೂರಕ್ಕೆ 21 ಮಂದಿಗೆ, 2010ರಲ್ಲಿ 45 ಮಂದಿಗೆ. ಕಲಿಯಬೇಕಾದ್ದು ಹೆಚ್ಚೇನಿಲ್ಲ. ಎದೆಯ ನಡುವೆ ಅಂಗೈ ಬುಡ ಇಟ್ಟು, ಮೊಣಕೈ ಮಡಿಸದೆ, ಐದಾರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು. ನಮ್ಮ ಆರ್‌ಟಿಒ ಕಚೇರಿಗಳಲ್ಲಿ ಸ್ಕೂಟರ್ ಲೈಸೆನ್ಸಿಗೆ ಬಂದವರಿಂದ ಎಂಟು ಹಾಕಿಸುತ್ತಾರಲ್ಲ, ಅದೇ ಮೈದಾನದ ಮೂಲೆಯಲ್ಲಿ ಆ್ಯನ್ ಗೊಂಬೆಯೊಂದನ್ನು ಮಲಗಿಸಿ ಎರಡು ನಿಮಿಷ ಎದೆ ಒತ್ತಿಸಿದರೆ ಇಲಾಖೆಗೆ ಬೀಳುವ ಖರ್ಚು ಒಂದು ಗೊಂಬೆಯದು, ಅದನ್ನು ಒರೆಸುವ ಸ್ಪಿರಿಟ್ಟಿನದು.